ಎರವಲು ಟ್ಯಾಬ್‌ನೊಳಗೆ ಕನ್ನಡವಿದೆಯೇ?

ಗಡಿನಾಡಿನ ಹೆತ್ತವರೇ,

ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಿಮ್ಮ ಮುಂದೆಯೂ ಒಂದು ಕಾಗದ ಬಂದೀತು. ಮಗು ಮನೆಯಲ್ಲಿ ಇಂಗ್ಲಿಷ್ ಅಭ್ಯಾಸ ಮಾಡಲೆಂದು ಶಾಲೆಯು ಟ್ಯಾಬನ್ನೋ ಲ್ಯಾಪ್‌ಟಾಪನ್ನೋ ಎರವಲು ಕೊಡುತ್ತದೆ, ಜೋಪಾನವಾಗಿ ಬಳಸಿ ಮರಳಿಸುತ್ತೇನೆ ಎಂಬ ಮುಚ್ಚಳಿಕೆ. ನನ್ನ ಮುಂದೆ ಬಂದ ಕಾಗದ ಪೂರ್ತಿ ಮಲಯಾಳದಲ್ಲಿತ್ತು. ಪಕ್ಕದಲ್ಲಿದ್ದ ತಾಯಿಯೊಬ್ಬರು "ರುಜು ಎಲ್ಲಿ ಹಾಕುವುದು?" ಎಂದಷ್ಟೇ ಕೇಳಿದರು. ಏನು ಬರೆದಿದೆಯೆಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ನಾಚಿಕೆಯೇ ಇದನ್ನು ಬರೆಸುತ್ತಿದೆ.

ಉಪಕರಣವೇ ಬೇಡವೆನ್ನುವವನು ನಾನಲ್ಲ. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದಾಗ ಮಲಯಾಳ ಮಾಧ್ಯಮದ ಮಗುವಿಗೆ ಮನೆಯ ಟಿ.ವಿ. ಸಾಕಾಗಿತ್ತು. ಕನ್ನಡ ಮಾಧ್ಯಮದ ಪಾಠಗಳಿಗೆ ನಾವು ಬಹುಮಟ್ಟಿಗೆ ಯೂಟ್ಯೂಬನ್ನೇ ನಂಬಬೇಕಾಯಿತು. ಅಂದರೆ ಫೋನು ಬೇಕು, ಡೇಟಾ ಬೇಕು, ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ನಮ್ಮ ಮಕ್ಕಳಿಗೆ ಫೋನು ಶೋಕಿಯಲ್ಲ, ತರಗತಿಯ ಬಾಗಿಲು ಎಂಬುದನ್ನು ಆ ವರ್ಷ ಕಲಿಸಿತು. ಮರುವರ್ಷ ವಿದ್ಯಾಕಿರಣಂ ಯೋಜನೆಯಲ್ಲಿ ಲ್ಯಾಪ್‌ಟಾಪುಗಳನ್ನು ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಏರ್ಪಾಡು ಬಂದಾಗ ನಾನೂ ಸಂತೋಷಪಟ್ಟವನೇ.

ಆದರೆ ಒಂದು ವಿಚಿತ್ರವನ್ನು ಗಮನಿಸಿ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗಳಿಗೆ ನೇಮಿಸಿದಾಗ ಕಾಸರಗೋಡಿನ ಮಕ್ಕಳೂ ಹೆತ್ತವರೂ ಬೀದಿಗಿಳಿದಿದ್ದಾರೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ. ಅದೇ ಕನ್ನಡ ಬಾರದ ಶಿಕ್ಷಕ ಟ್ಯಾಬಿನ ರೂಪದಲ್ಲಿ ಬಂದರೆ ನಾವೇ ರುಜು ಹಾಕಿ, ಬಟ್ಟೆಯಲ್ಲಿ ಸುತ್ತಿ, ಮನೆಯೊಳಗೆ ಕರೆದುಕೊಂಡು ಬರುತ್ತೇವೆ!

ಇದರ ಪರಿಣಾಮ ಏನೆಂದು ತಿಳಿಯಲು 'ಉಪನ್ಯಾಸ' ಎಂಬ ಒಂದೇ ಶಬ್ದ ಸಾಕು. ನಮಗೆ ಅದು ವೇದಿಕೆಯಿಂದ ಮಾಡುವ ಭಾಷಣ. ಮಲಯಾಳದಲ್ಲಿ ಪ್ರಬಂಧ. ಹಿಂದಿಯಲ್ಲಿ ಕಾದಂಬರಿ. 'ಎಸ್ಸೇ' ಎಂಬ ಇಂಗ್ಲಿಷ್ ಪದಕ್ಕೆ ಮಲಯಾಳದ ಪಾಠ 'ಉಪನ್ಯಾಸಂ' ಎನ್ನುತ್ತದೆ. 'ನಾವೆಲ್' ಪದಕ್ಕೆ ಹಿಂದಿಯ ಮೂಲಕ ಇಂಗ್ಲಿಷ್ ಕಲಿಸುವ ಆಪ್ ಕೂಡ 'ಉಪನ್ಯಾಸ' ಎನ್ನುತ್ತದೆ. ಕನ್ನಡ ಮಗು ಎರಡನ್ನೂ ಭಾಷಣವೆಂದು ತಿಳಿದು ಉರು ಹೊಡೆಯುತ್ತದೆ. ಪರೀಕ್ಷೆಯಲ್ಲಿ ತಪ್ಪಿದಾಗ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲವೆಂಬ ಷರಾ ಬೀಳುವುದು ಮಗುವಿನ ಹೆಸರಿಗೆ, ಟ್ಯಾಬಿನ ಹೆಸರಿಗಲ್ಲ.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಯಲಿ, ನಡುವೆ ಕನ್ನಡವೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಶಾಲೆಯಲ್ಲಿ ಒಳ್ಳೆಯ ಶಿಕ್ಷಕರಿದ್ದರೆ ಹಾಗೆಯೇ ಕಲಿಯಲಿ. ಆದರೆ ಇದು ಮನೆಯ ಅಭ್ಯಾಸ. ರಾತ್ರಿ ಎಂಟು ಗಂಟೆಗೆ ಮಗು "ಅಮ್ಮಾ, ಇದರ ಅರ್ಥ ಎಂತ?" ಎಂದಾಗ ಉತ್ತರಿಸಬೇಕಾದವರು ನೀವು. ಪರದೆಯ ಮೇಲೆ ಕನ್ನಡದ ಒಂದು ಸಾಲಿದ್ದರೆ, ಏಳನೆಯ ತರಗತಿಗೇ ಶಾಲೆ ಬಿಟ್ಟ ತಾಯಿಯೂ ಅದನ್ನು ಓದಿ ಮಗುವಿನ ಜೊತೆ ಕೂರಬಲ್ಲಳು. ಆ ಸಾಲಿಲ್ಲದಿದ್ದರೆ ಅವಳಿಗೆ ಉಳಿಯುವ ಕೆಲಸ ಚಾರ್ಜಿಗೆ ಹಾಕುವುದು ಮಾತ್ರ. ಮಲಯಾಳವನ್ನೂ ನಮ್ಮ ಮಕ್ಕಳು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಅದು ಬೇರೆ ಮಾತು.

ಇದು ಗಡಿನಾಡಿನವರ ಹಟವೂ ಅಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರ ನವೆಂಬರ್ 1ರಂದೇ ಆ ವಿಧಿಯೂ ಜಾರಿಗೆ ಬಂತು. ಅದು ಹೊಣೆ ಹೊರಿಸುವುದು ರಾಜ್ಯಕ್ಕೆ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರಕ್ಕೂ ಎಂಬುದನ್ನು ನೆನಪಿಡಿ. ಟ್ಯಾಬು ಖರೀದಿಸುವ ಪಂಚಾಯತಿಗೂ ಇದು ಅನ್ವಯಿಸುತ್ತದೆ.

ಆಂಧ್ರದಲ್ಲಿ 2022ರ ಡಿಸೆಂಬರಿನಲ್ಲಿ ಸರ್ಕಾರಿ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಪಾಠ ತುಂಬಿದ ಟ್ಯಾಬುಗಳನ್ನು ಹಂಚಿದರು. ಆದವಾನಿ, ರಾಯದುರ್ಗ, ಮಡಕಶಿರಾದ ಬಂಧುಗಳೇ, ಅವುಗಳಲ್ಲಿ ಕನ್ನಡ ಎಷ್ಟಿತ್ತೆಂದು ನೀವೇ ಹೇಳಿ. ತಾಳವಾಡಿಯವರೂ ಅಕ್ಕಲಕೋಟೆಯವರೂ ತಮ್ಮ ಶಾಲೆಗಳ ಅನುಭವವನ್ನು ಕೆಳಗೆ ಬರೆಯಲಿ.

ಕೇಳಬೇಕಾದದ್ದು ದೊಡ್ಡದೇನಲ್ಲ. ಮುಚ್ಚಳಿಕೆ ಕನ್ನಡದಲ್ಲಿರಲಿ. ಇಂಗ್ಲಿಷ್ ಪಾಠಗಳಿಗೆ ನಮ್ಮ ಶಾಲೆಗಳ ಶಿಕ್ಷಕರೇ ಕನ್ನಡದಲ್ಲಿ ವಿವರಣೆ ಹೇಳಿ ಧ್ವನಿಮುದ್ರಿಸಲಿ, ನೆಟ್ ಇಲ್ಲದೆಯೂ ಕೇಳುವಂತೆ ಅದನ್ನು ಟ್ಯಾಬಿನೊಳಗೇ ತುಂಬಿಸಲಿ. ಬಳಕೆಯಲ್ಲಿ ಕೆಟ್ಟರೆ ದಂಡ ಯಾರದೆಂದು ಸ್ಪಷ್ಟವಾಗಿ ಬರೆಯಲಿ. ಒಡೆದೀತೆಂಬ ಭಯಕ್ಕೆ ಕಪಾಟಿನಲ್ಲಿ ಬೀಗ ಹಾಕಿಟ್ಟ ಟ್ಯಾಬುಗಳನ್ನು ನಾನು ಕಂಡಿದ್ದೇನೆ. ಕೇಳಿದರೆ ಕೊಟ್ಟದ್ದನ್ನೂ ಹಿಂದಕ್ಕೆ ಪಡೆದಾರೆಂದು ಅಂಜಬೇಡಿ. ನಿಮ್ಮ ತೆರಿಗೆಯ ಹಣವೂ ಅದರಲ್ಲಿದೆ.

ಮುಂದಿನ ಸಭೆಯಲ್ಲಿ ಪೆನ್ನು ತೆಗೆಯುವ ಮೊದಲು ಟ್ಯಾಬನ್ನು ತೆರೆಸಿ, ನಿಮ್ಮ ಮಗುವಿನ ತರಗತಿಯ ಇಂಗ್ಲಿಷ್ ಪಾಠವೊಂದನ್ನು ಅಲ್ಲೇ ಹಾಕಿಸಿ ಕೇಳಿ. ಕನ್ನಡವಿಲ್ಲದಿದ್ದರೆ ಬೇಡಿಕೆಯನ್ನು ಬರೆದು ಮುಖ್ಯೋಪಾಧ್ಯಾಯರಿಗೊಂದು, ಪಂಚಾಯತಿಗೊಂದು ಪ್ರತಿ ಕೊಡಿ. ಮೂರನೆಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಮನೆಗೆ ತನ್ನಿ.