ಸತ್ತಿತೆಂದವರು, ಹೋಗಿ ನೋಡಿದವರು

ಹವಳವೆಂದೊಡನೆ ಗೃಹಿಣಿಯರಿಗೆ ಕರಿಮಣಿ ಸರದ ನಡುವೆ ಪೋಣಿಸಿದ ಕೆಂಪು ಮಣಿಯ ನೆನಪಾಗುತ್ತದೆ. ಪಂಚಾಂಗ ನೋಡುವ ಹಿರಿಯರಿಗೆ ಅದು ಅಂಗಾರಕನ ರತ್ನ. ಆದರೆ 1967ರಲ್ಲಿ ಆಸ್ಟ್ರೇಲಿಯದ ಕಬ್ಬಿನ ಬೆಳೆಗಾರರೊಬ್ಬರ ಕಣ್ಣಿಗೆ ಅದು ಹೊಲಕ್ಕೆ ಹಾಕುವ ಸುಣ್ಣವಾಗಿ ಕಂಡಿತು. ಕ್ವೀನ್ಸ್‌ಲೆಂಡ್ ರಾಜ್ಯದ ಕರೆಯಾಚೆ, ಗ್ರೇಟ್ ಬ್ಯಾರಿಯರ್ ರೀಫ್ ಎಂದು ಲೋಕಪ್ರಸಿದ್ಧವಾದ ಹವಳದ ಸಾಲಿನಲ್ಲಿ, ಎಲಿಸನ್ ಎಂಬುದೊಂದು ದಿಬ್ಬವಿದೆ. ಅದನ್ನು ಅಗೆದು ಸುಣ್ಣ ತೆಗೆಯಲು ಅನುಮತಿ ಬೇಕೆಂದು ಅವರು ಅರ್ಜಿ ಹಾಕಿದರು. ದಿಬ್ಬ ಹೇಗೂ ಸತ್ತಿದೆ, ಅಗೆದರೆ ಯಾರಿಗೇನು ನಷ್ಟ ಎಂಬುದು ಅರ್ಜಿಯ ಪರವಾದ ವಾದವಾಗಿತ್ತು.

ಈ ವಾದ ಕೇಳಿದವರಿಗೆ ದಿಟವೆಂದೇ ತೋರಬಹುದು. ಒಡವೆಯ ಹವಳಕ್ಕೂ ದಿಬ್ಬ ಕಟ್ಟುವ ಹವಳಕ್ಕೂ ಇರುವುದು ದೂರದ ನಂಟು. ಎರಡನೆಯದು ಬೆಚ್ಚಗಿನ, ಬಿಸಿಲು ಇಳಿಯುವ ನೀರಿನಲ್ಲಿ ಒಕ್ಕಲು ಹೂಡಿರುವ ಕಿರುಜೀವಿಗಳ ಸಂಸಾರ. ಒಂದೊಂದು ಜೀವಿಯೂ ಕಡಲ ನೀರಿನಿಂದ ಸುಣ್ಣವನ್ನು ಸಂಗ್ರಹಿಸಿ ತನ್ನ ಬುಡದಲ್ಲಿ ಬಟ್ಟಲಿನಂಥ ಗೂಡನ್ನು ಕಟ್ಟಿಕೊಳ್ಳುತ್ತದೆ. ಅಳಿದ ಹಿರಿಯರ ಗೂಡುಗಳ ಮೇಲೆ ಕಿರಿಯರು ಮನೆ ಮಾಡುತ್ತಾರೆ. ಹೀಗೆ ಸಾವಿರಾರು ವರ್ಷ ನಡೆದ ಕಟ್ಟೋಣವೇ ಸುಮಾರು 2,300 ಕಿಲೋಮೀಟರು ಉದ್ದದ ಆ ಮಹಾಶ್ರೇಣಿ. ಆದ್ದರಿಂದ ಯಾವ ದಿಬ್ಬದಲ್ಲಾದರೂ ನಿರ್ಜೀವ ಸುಣ್ಣವೇ ಬಹುಪಾಲು. ಜೀವವಿರುವುದು ಮೇಲಿನ ತೆಳ್ಳನೆಯ ಪದರದಲ್ಲಿ. ದೋಣಿಯಲ್ಲಿ ಕುಳಿತು ಬಗ್ಗಿ ನೋಡಿದವನಿಗೆ ಅದು ಬರಿಯ ಕಲ್ಲು.

ಬಿಂಗಿಲ್ ಬೇ ಎಂಬ ಕಡಲತೀರದ ಊರಿನಲ್ಲಿ ನೆಲೆಸಿದ್ದ ಚಿತ್ರಕಾರ ಜಾನ್ ಬಸ್ಟ್ ಈ ಅರ್ಜಿಗೆ ತಕರಾರು ಸಲ್ಲಿಸಿದರು. ಕವಯಿತ್ರಿ ಜೂಡಿತ್ ರೈಟ್, ಅರಣ್ಯವಿಜ್ಞಾನಿ ಲೆನ್ ವೆಬ್ ಅವರ ಬೆಂಬಲಕ್ಕೆ ನಿಂತರು. ಆದರೆ ಇನ್ನಿಸ್‌ಫೇಲ್ ಪಟ್ಟಣದಲ್ಲಿ ವಿಚಾರಣೆ ನಡೆಸಬೇಕಾಗಿದ್ದ ಗಣಿ ಅಧಿಕಾರಿ ಕವಿಹೃದಯದ ಕಳವಳವನ್ನು ಸಾಕ್ಷ್ಯವೆಂದು ಬರೆದುಕೊಳ್ಳುವಂತಿರಲಿಲ್ಲ. ದಿಬ್ಬದ ಮೇಲೆ ಏನಿದೆಯೆಂದು ಕಣ್ಣಾರೆ ಕಂಡು ಹೇಳುವವರು ಬೇಕಾಗಿದ್ದರು.

ಆ ಕೆಲಸಕ್ಕೆ ಮುಂದೆ ಬಂದವರು ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಲಿಟ್ಟೊರಲ್ ಸೊಸೈಟಿಯ ತರುಣರು. ಎಡ್ಡಿ ಹೆಗೆರ್ಲ್ ಎಂಬುವರ ಮುಂದಾಳುತನದಲ್ಲಿ ಅವರು ಎಲಿಸನ್ ದಿಬ್ಬಕ್ಕೆ ಹೋಗಿ, ನೀರಿಗಿಳಿದು, ಕಂಡದ್ದನ್ನು ಎಣಿಸಿ ಬರೆದುಕೊಂಡರು. ಸತ್ತಿದೆಯೆಂದು ಹೇಳಿದ ಆ ಒಂದೇ ದಿಬ್ಬದಲ್ಲಿ ಬದುಕಿರುವ ಹವಳಗಳು 88 ಜಾತಿ, ಚಿಪ್ಪಿನ ಜೀವಿಗಳು 60 ಜಾತಿ, ಮೀನುಗಳು 190 ಜಾತಿ ದೊರೆತವು. ಹವಳವಳಿದ ಜಾಗವೂ ವ್ಯರ್ಥವಲ್ಲ; ನೀರಿನಲ್ಲಿ ತೇಲಿಬರುವ ಹವಳದ ಮರಿಗಳು ನೆಲೆಯೂರಲು ಅಂಥ ಗಟ್ಟಿ ತಳವೇ ಬೇಕು. ಅಗೆತದಿಂದ ಏಳುವ ಹೂಳಾದರೋ ನೆರೆಯ ಜೀವಂತ ಹವಳವನ್ನೂ ಉಸಿರುಗಟ್ಟಿಸಬಲ್ಲದು. ವಿಚಾರಣೆ ಮುಗಿದಾಗ ಅರ್ಜಿ ತಿರಸ್ಕೃತವಾಯಿತು.

ಒಂದು ದಿಬ್ಬಕ್ಕಾಗಿ ನಡೆದ ಈ ವ್ಯಾಜ್ಯ ಇಡೀ ಶ್ರೇಣಿಯ ಹೋರಾಟಕ್ಕೆ ನಾಂದಿಯಾಯಿತು. ಆ ದಿನಗಳಲ್ಲಿ ಅಲ್ಲಿಯ ಕಡಲಿನ ಬಹುಭಾಗವನ್ನು ಎಣ್ಣೆ ಶೋಧಕ್ಕೆ ಬಿಟ್ಟುಕೊಡಲಾಗಿತ್ತು. ವರ್ಷಗಟ್ಟಲೆ ವಾದವಿವಾದಗಳು ನಡೆದ ಬಳಿಕ 1975ರಲ್ಲಿ ಆಸ್ಟ್ರೇಲಿಯದ ಪಾರ್ಲಿಮೆಂಟು ಈ ಶ್ರೇಣಿಯ ರಕ್ಷಣೆಗಾಗಿ ಕಡಲ ಉದ್ಯಾನದ ಕಾಯಿದೆಯನ್ನು ಮಾಡಿತು. 1981ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೊದಲ ತಕರಾರು ಬರೆದ ಬಸ್ಟ್ ಅದನ್ನು ಕಾಣಲಿಲ್ಲ. ಅವರು 1971ರಲ್ಲಿಯೇ ತೀರಿಕೊಂಡಿದ್ದರು.

ಕಾಯಿದೆ ಗುದ್ದಲಿಯನ್ನು ತಡೆಯಬಲ್ಲದು, ಕಡಲ ಕಾವನ್ನಲ್ಲ. ಹವಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಉಣಿಸುತ್ತವೆ. 1928-29ರಲ್ಲಿ ಇದೇ ಶ್ರೇಣಿಯ ಲೋ ಐಲ್ಸ್ ದ್ವೀಪಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬೀಡುಬಿಟ್ಟಿದ್ದ ಮಾರಿಸ್ ಯಂಗ್ ಎಂಬ ಬ್ರಿಟಿಷ್ ವಿಜ್ಞಾನಿಯ ತಂಡವು, ನೀರು ಮಿತಿಮೀರಿ ಕಾದಾಗ ಹವಳವು ಈ ಪಾಚಿಯನ್ನು ಹೊರದೂಡುತ್ತದೆಂಬುದನ್ನು ಗಮನಿಸಿತ್ತು. ಪಾಚಿ ಹೋದ ಹವಳ ಬೆಳ್ಳಗಾಗುತ್ತದೆ. ಕಾವು ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ. ಇಳಿಯದಿದ್ದರೆ ಹಸಿದು ಸಾಯುತ್ತದೆ.

ಯಂಗ್ ಕಂಡದ್ದು 2016ರಲ್ಲಿ ಮಹಾಪ್ರಮಾಣದಲ್ಲಿ ನಡೆಯಿತು. ವಿಜ್ಞಾನಿಗಳು ವಿಮಾನದಿಂದಲೂ ನೀರಿಗಿಳಿದೂ 911 ದಿಬ್ಬಗಳನ್ನು ಪರೀಕ್ಷಿಸಿದಾಗ ಸ್ವಲ್ಪವೂ ಬಿಳಿಚದೆ ಉಳಿದವು ಕೇವಲ 68. ಆ ವರ್ಷವೇ ಅಮೆರಿಕದ ಪತ್ರಿಕೆಯೊಂದು ಇಡೀ ಶ್ರೇಣಿಗೆ ಮರಣವಾರ್ತೆಯನ್ನೇ ಬರೆದು ಪ್ರಕಟಿಸಿತು. ಅನೇಕ ವಿಜ್ಞಾನಿಗಳು ಕೂಡಲೆ ಆಕ್ಷೇಪಿಸಿದರು: ಬಹಳ ಹವಳ ಸತ್ತಿದೆ, ನಿಜ, ಆದರೆ ಬಹಳ ಬದುಕಿಯೂ ಇದೆ.

ಅವರು ಆಧಾರವಿಲ್ಲದೆ ಆಡಿದ ಮಾತಲ್ಲ ಅದು. 1980ರ ದಶಕದಿಂದಲೂ ಅಲ್ಲಿ ದಿಬ್ಬಗಳ ತಪಾಸಣೆ ವರ್ಷವರ್ಷವೂ ನಡೆಯುತ್ತಿದೆ. ಸಣ್ಣ ದೋಣಿಯೊಂದು ಹಗ್ಗ ಕಟ್ಟಿದ ಹಲಗೆಯನ್ನು ಮೆಲ್ಲಗೆ ಎಳೆಯುತ್ತದೆ. ಹಲಗೆ ಹಿಡಿದು ತೇಲುವ ವೀಕ್ಷಕ ಕೆಳಗಿನ ಹವಳವನ್ನು ನೋಡುತ್ತ, ಎರಡು ನಿಮಿಷಕ್ಕೊಮ್ಮೆ ದೋಣಿ ನಿಂತಾಗ ಕಂಡದ್ದನ್ನು ಗುರುತು ಹಾಕಿಕೊಳ್ಳುತ್ತಾನೆ. 2022ರ ಲೆಕ್ಕದಲ್ಲಿ ಉತ್ತರ ಮತ್ತು ಮಧ್ಯ ಭಾಗಗಳ ಹವಳದ ಹೊದಿಕೆಯು 36 ವರ್ಷಗಳ ತಪಾಸಣೆಯಲ್ಲಿಯೇ ಅತ್ಯಧಿಕವಾಗಿತ್ತು. 2024ರ ಬಿಸಿಗಾಲದ ಬಳಿಕ ಅದು ಮತ್ತೆ ಕುಸಿಯಿತು. ಸಂತೋಷವಾಗಲಿ ದುಃಖವಾಗಲಿ, ಎರಡನ್ನೂ ಅದೇ ಪಟ್ಟಿ ಹೇಳಿತು.

1967ರಲ್ಲಿ ದಿಬ್ಬ ಸತ್ತಿತೆಂದು ಹೇಳಿಸಿದ್ದು ಲಾಭದ ಆಸೆ. 2016ರಲ್ಲಿ ಹೇಳಿಸಿದ್ದು ಶೋಕ. ಉದ್ದೇಶ ಬೇರೆಯಾದರೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲ. ಸತ್ತವರಿಗೆ ಯಾರೂ ಔಷಧ ತರುವುದಿಲ್ಲ. ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಾಗ, ಹಿತೈಷಿಗಳು ಏನೇ ಅನ್ನಲಿ, ನಾಡಿ ಹಿಡಿದು ನೋಡುವವರೊಬ್ಬರು ಬೇಕು. ಹಗ್ಗದ ಹಲಗೆಗೆ ಜೋತು ಕಡಲ ಮೇಲೆ ಸಾಗುವ ಆ ವೀಕ್ಷಕರು ಮಾಡುತ್ತಿರುವುದು ಅದೇ ಕೆಲಸವನ್ನು.