ರೊಟ್ಟಿಯ ಪ್ರಶ್ನೆಯನ್ನು ನಮ್ಮ ಮಕ್ಕಳು ವಿಜ್ಞಾನಿಗಳಿಗೇ ಕೇಳಲಿ

ಪಾಲಕರೇ, ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಎಸರು ಹಾಕಿದರೆ ಹಿಟ್ಟು ಕೂಡಿಕೊಳ್ಳುತ್ತದೆ. ಬಾಲಗಾಂವದ ಯಾವ ಮನೆಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹೀಗೇಕೆ ಎಂದು ಒಂಬತ್ತನೆಯ ಇಯತ್ತೆಯ ಮಗಳು ಕೇಳಿದರೆ? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ, ಅದೇ ಅಂಟಿನ ಕೆಲಸ ಮಾಡುತ್ತದೆ.

ಒಣದ್ರಾಕ್ಷಿಯ ಶೆಡ್ಡಿನಲ್ಲೂ ಇಂಥದೇ ಪಾಠವಿದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಅದು ಒಳಗಿನ ನೀರನ್ನು ಬಿಟ್ಟುಕೊಡುವುದಿಲ್ಲ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದರೆ ಆ ಪದರ ಸಡಿಲಾಗಿ ಹಣ್ಣು ಬೇಗ ಒಣಗುತ್ತದೆ. ಹಸಿ ದ್ರಾಕ್ಷಿಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು, ಒಣಗಿದ ಮೇಲೆ ಸುಮಾರು 15. ಅಷ್ಟು ಕಡಿಮೆ ನೀರಿನಲ್ಲಿ ಬೂಸು ಬೆಳೆಯಲಾರದು. ಕಟಕ ರೊಟ್ಟಿ ತಿಂಗಳಾದರೂ ಕೆಡದಿರುವುದಕ್ಕೆ ಕಾರಣವೂ ಇದೇ.

ಕನ್ನಡದಲ್ಲಿ ವಿಜ್ಞಾನ ಬರುವುದಿಲ್ಲವೆಂದು ನಮ್ಮಲ್ಲಿ ಹಲವರು ಮಕ್ಕಳನ್ನು ಸೆಮಿ-ಇಂಗ್ಲಿಷಿಗೆ ಹಾಕುತ್ತಿದ್ದಾರೆ. ಅವರ ಚಿಂತೆ ಸುಳ್ಳಲ್ಲ. ಬಾಲಭಾರತಿಯ ಕನ್ನಡ ಪುಸ್ತಕವಿದ್ದರೂ, ಕನ್ನಡದಲ್ಲಿ ಮಾತನಾಡುವ ಒಬ್ಬ ಸಂಶೋಧಕರನ್ನೂ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಂಡಿಲ್ಲ. ಮಾಧ್ಯಮ ಬದಲಿಸುವ ಮೊದಲು ಆ ಕೊರತೆಯನ್ನು ತುಂಬಬಾರದೇ?

ಅಂಥವರು ದೂರದಲ್ಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನದ ವಿಭಾಗವಿದೆ. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ಅದು ಸಿಎಸ್‌ಐಆರ್‌ಗೆ ಸೇರಿದ ಸಂಸ್ಥೆ. ಶಾಲಾ ಮಕ್ಕಳನ್ನೂ ವಿಜ್ಞಾನಿಗಳನ್ನೂ ಕೂಡಿಸಲೆಂದೇ ಸಿಎಸ್‌ಐಆರ್ 2017ರಲ್ಲಿ ‘ಜಿಜ್ಞಾಸಾ’ ಯೋಜನೆ ಆರಂಭಿಸಿತು. ಮೊದಲು ಅದು ಕೇಂದ್ರೀಯ ವಿದ್ಯಾಲಯಗಳ ಮಕ್ಕಳಿಗಾಗಿ ಶುರುವಾಯಿತು. ಗಡಿಯ ಜಿಲ್ಲಾ ಪರಿಷದ್ ಶಾಲೆಯ ಮಕ್ಕಳು ಕರೆ ಬರಲಿ ಎಂದು ಕಾಯುತ್ತ ಕೂಡ್ರುವುದು ಬೇಡ. ನಾವೇ ಪತ್ರ ಬರೆಯೋಣ.

ಆದರೆ ಭಾಷಣ ಬೇಡ. ಸ್ವಾಗತ, ಹಾರ, ವಂದನಾರ್ಪಣೆಯಲ್ಲಿ ಮುಗಿಯುವ ಕಾರ್ಯಕ್ರಮಗಳನ್ನು ಸಾಕಷ್ಟು ನೋಡಿದ್ದೇವೆ. ಬ್ರಿಟನ್ನಿನಲ್ಲಿ ‘ಐ ಆಮ್ ಎ ಸೈಂಟಿಸ್ಟ್’ ಎಂಬ ಕಾರ್ಯಕ್ರಮವಿದೆ. ಅಲ್ಲಿ ಮಕ್ಕಳು ವರ್ಗದಲ್ಲಿ ಕುಳಿತೇ ವಿಜ್ಞಾನಿಗಳಿಗೆ ಪ್ರಶ್ನೆಗಳನ್ನು ಟೈಪ್ ಮಾಡುತ್ತಾರೆ, ಉತ್ತರ ಆಗಲೇ ಬರುತ್ತದೆ. ಎದ್ದು ನಿಂತು ಕೇಳಲು ನಾಚುವ ಹದಿನಾಲ್ಕರ ಹುಡುಗಿಗೆ ಇದು ಅನುಕೂಲ. ನಮಗೆ ಒಂದು ಫೋನು, ಒಂದು ಪರದೆ, ಒಂದು ತಾಸು ಸಾಕು.

ಶಾಲಾ ವ್ಯವಸ್ಥಾಪನ ಸಮಿತಿಯ ಬರುವ ಸಭೆಯಲ್ಲಿ ಈ ವಿಷಯ ಎತ್ತಿರಿ. ಪ್ರಶ್ನೆಗಳನ್ನು ಮಕ್ಕಳೇ ಮನೆಯಿಂದ, ಹೊಲದಿಂದ ಬರೆದು ತರಲಿ. ಗುರುಗಳು ತಿದ್ದುವುದು ಬೇಡ. ಫೆಬ್ರುವರಿ 28ರ ವಿಜ್ಞಾನ ದಿನ ಇದಕ್ಕೆ ಒಳ್ಳೆಯ ಹೊತ್ತು. ಹತ್ತನೆಯವರು ಆಗ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ, ಎಂಟು ಒಂಬತ್ತರವರು ಕೂಡ್ರಲಿ. ದ್ರಾಕ್ಷಿ ಒಣಹಾಕುವ ಹಂಗಾಮೂ ಅದೇ. ಅದ್ದಿದ ಗೊನೆ, ಅದ್ದದ ಗೊನೆ ಎರಡನ್ನೂ ವಾರ ಮೊದಲೇ ತೂಗಿ ಒಣಗಲು ಇಟ್ಟು, ದಿನಾ ತೂಕ ಬರೆದಿಟ್ಟುಕೊಂಡರೆ ಕೇಳಲು ಅವರಲ್ಲಿ ಬೇಕಾದಷ್ಟು ಇರುತ್ತದೆ.