ಚುಕ್ಕಿ ಯಾವ ದಿಕ್ಕಿಗಿತ್ತು?

ನವಲಗುಂದದ ಎರೆ ಹೊಲದಲ್ಲಿ ನಿಂತವರ ಕಣ್ಣಿಗೆ ಅಡ್ಡ ಬರುವಂಥದ್ದು ಹೆಚ್ಚೇನಿಲ್ಲ. ಗುಡ್ಡ ದೂರ, ಮರ ಕಡಿಮೆ. ನೆಲ ಮುಗಿದಲ್ಲಿಯೇ ಮುಗಿಲು ಶುರುವಾಗುತ್ತದೆ. ಮಲೆನಾಡಿನವರಿಗೆ ಮರಗಳ ಸಂದಿಯಲ್ಲಿ ತುಣುಕು ತುಣುಕಾಗಿ ಕಾಣುವ ಆಕಾಶ ನಮ್ಮ ಕಡೆಯವರಿಗೆ ಇಡಿಯಾಗಿ ಸಿಗುತ್ತದೆ. ಹೀಗಾಗಿ ಕಡಲೆ ಕಾಯಲು ಹೋದವರು, ರಾತ್ರಿ ಪಾಳಿಯಲ್ಲಿ ಮಲಪ್ರಭಾ ಕಾಲುವೆಯ ನೀರು ಹಾಯಿಸುವವರು ಆಗಾಗ ಏನಾದರೊಂದನ್ನು ಕಾಣುತ್ತಾರೆ. "ಪಡುವಲ ದಿಕ್ಕಿಗೆ ಒಂದು ಬೆಳಕ ಬಂದು ನಿಂತಿತ್ತು. ಬಣ್ಣಾ ಬದಲಿ ಮಾಡತಿತ್ತು. ಆಮ್ಯಾಲ ಇಳದ ಹೋತು." ಕೇಳಿದವರಲ್ಲಿ ಒಬ್ಬ ನಗುತ್ತಾನೆ: "ನಿನಗ ಭ್ರಮಾ ಆಗೇತಿ, ಸುಮ್ಮನ ಮಕ್ಕೋ." ಇನ್ನೊಬ್ಬ ಅದನ್ನೇ ಹಾರುವ ತಟ್ಟೆ ಎಂದು ಮೊಬೈಲಿನಲ್ಲಿ ಊರಿಗೆಲ್ಲ ಹಂಚುತ್ತಾನೆ. ನನ್ನ ಪ್ರಕಾರ ಇಬ್ಬರದೂ ಒಂದೇ ತಪ್ಪು. ಕಂಡು ಬಂದವನನ್ನು ಇಬ್ಬರೂ ಏನೂ ಕೇಳಲಿಲ್ಲ.

ಕಂಡವನು ಸುಳ್ಳು ಹೇಳುತ್ತಿರುವುದು ಅಪರೂಪ. ಎಡವುವುದು ಕಂಡದ್ದಕ್ಕೆ ಹೆಸರಿಡುವಾಗ. ಹಾಗೆ ಎಡವಲು ಹಳ್ಳಿಯವನೇ ಆಗಬೇಕಿಲ್ಲ, ಓದದವನೇ ಆಗಬೇಕಿಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿ ನಮ್ಮ ಸೈನಿಕರು ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡು ದಾಖಲಿಸಿದರು. ಚೀನಾದ ಡ್ರೋನ್‌ಗಳೆಂಬ ಸಂಶಯ ಹುಟ್ಟಿತು. ಕೊನೆಗೆ ಪ್ರಶ್ನೆ ಬಂದದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ; ಲಡಾಖಿನ ಹಾನ್ಲೆಯಲ್ಲಿ ಅವರದೇ ವೀಕ್ಷಣಾಲಯವಿದೆ. ಆ ಬೆಳಕು ಉಳಿದ ನಕ್ಷತ್ರಗಳ ಜೊತೆಗೇ ಸರಿಯುತ್ತದೆಯೋ, ಅವನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆಯೋ ಎಂಬುದನ್ನು ವಿಜ್ಞಾನಿಗಳು ಮೊದಲು ನೋಡಿದರು. ಉತ್ತರ ಸಿಕ್ಕಿತು: ಒಂದು ಗುರು, ಇನ್ನೊಂದು ಶುಕ್ರ. ಆ ಚಳಿಗಾಲದಲ್ಲಿ ಗುರು ಸಂಜೆಯೇ ಮೂಡಿ ರಾತ್ರಿಯಿಡೀ ಹೊಳೆಯುತ್ತಿದ್ದ, ಶುಕ್ರ ಬೆಳಗಿನ ಜಾವಕ್ಕೆ ಬರುತ್ತಿದ್ದ. ಆ ಸೈನಿಕರನ್ನು ನೆನೆದು ನಗಲು ನನಗೆ ಮನಸ್ಸಿಲ್ಲ. ಕೊರೆಯುವ ಚಳಿಯಲ್ಲಿ ನಿಂತು ಅವರು ಬರೆದಿಟ್ಟುಕೊಂಡಿದ್ದರು, ಆದ್ದರಿಂದಲೇ ಗುಟ್ಟು ಬಯಲಾಯಿತು.

ನಮ್ಮ ಎರೆಸೀಮೆಯಲ್ಲೂ ಮೊದಲು ಸಂಶಯಪಡಬೇಕಾದದ್ದು ಶುಕ್ರನನ್ನೇ, ಅಂದರೆ ನಮ್ಮ ಬೆಳ್ಳಿಚುಕ್ಕಿಯನ್ನೇ. ಅದು ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಹೊತ್ತು ಮುಳುಗಿದ ಮೇಲೆ ಪಡುವಣದಲ್ಲಿ, ಇಲ್ಲವೆ ಹೊತ್ತು ಹುಟ್ಟುವ ಮುಂಚೆ ಮೂಡಣದಲ್ಲಿ ಮಾತ್ರ ಕಾಣುತ್ತದೆ. ಕೆಳಗಿಳಿದಾಗ ಅದರ ಬೆಳಕು ದಟ್ಟವಾದ ಗಾಳಿಯನ್ನು ಹಾಯ್ದು ಬರಬೇಕು. ಗಾಳಿ ಕದಡಿದಂತೆಲ್ಲ ಕೆಂಪು, ಹಸಿರು, ನೀಲಿಯಾಗಿ ಮಿಣುಕುತ್ತದೆ. ಸುತ್ತ ಕತ್ತಲಿದ್ದು ಒಂದೇ ಬೆಳಕನ್ನು ದಿಟ್ಟಿಸಿದರೆ, ಅಳೆದು ನೋಡಲು ಪಕ್ಕದಲ್ಲಿ ಬೇರೇನೂ ಇಲ್ಲದ್ದರಿಂದ, ನಿಂತ ಬೆಳಕೂ ತೇಲಿದಂತೆ ಅನಿಸುತ್ತದೆ. ಅಣ್ಣಿಗೇರಿಯಿಂದ ನವಲಗುಂದಕ್ಕೆ ಬೈಕಿನಲ್ಲಿ ಬರುವವನಿಗೆ ಅದು ಬೆನ್ನು ಹತ್ತಿದಂತೆಯೂ ಕಾಣುತ್ತದೆ. ಇದರ ವಿವರಣೆ ಚಕ್ಕಡಿಯಲ್ಲಿ ಕೂತ ಎಲ್ಲ ಮಕ್ಕಳಿಗೂ ಗೊತ್ತು: "ಅವ್ವಾ, ಚಂದಪ್ಪ ನಮ್ಮ ಸಂಗಾಟ ಬರಾಕತ್ತಾನ!" ಹತ್ತಿರದ ಗಿಡಗಂಟಿ ಹಿಂದೆ ಸರಿಯುತ್ತವೆ, ಬಹಳ ದೂರದ್ದು ಸರಿಯುವುದಿಲ್ಲ. ಚಂದಪ್ಪನ ವಿಷಯದಲ್ಲಿ ನಕ್ಕು ಬಿಡುವ ನಾವು ಶುಕ್ರನ ವಿಷಯದಲ್ಲಿ ಹೆದರುತ್ತೇವೆ.

ಉಳಿದ ಬೆಳಕುಗಳೂ ಹೀಗೆಯೇ ಬಿಡಿಸಿದರೆ ಬಿಡುತ್ತವೆ. ಹುಬ್ಬಳ್ಳಿಗೆ ಇಳಿಯಲು ಬರುವ ವಿಮಾನ ಕುಂದಗೋಳದ ಕಡೆಯಿಂದ ನೋಡುವವರಿಗೆ ನೇರವಾಗಿ ಎದುರು ಬಂದರೆ ಎಷ್ಟೋ ಹೊತ್ತು ನಿಂತ ದೀಪದಂತೆ ಇರುತ್ತದೆ. ಗದಗ ಸೀಮೆಯ ಗಾಳಿಯಂತ್ರಗಳ ತುದಿಯಲ್ಲಿ ಕೆಂಪು ದೀಪ ಮಿಣುಕುತ್ತದೆ. ಕಲಘಟಗಿಯ ಕಾಡಂಚಿನ ಹೊಲದಲ್ಲಿ ಹಂದಿ ಓಡಿಸುವವರ ಬ್ಯಾಟರಿ ಬೆಳಕು ಮರಗಳ ಮೇಲೆ ಹಾಯುತ್ತದೆ. ಹಿರಿಯರ ಕೊಳ್ಳಿದೆವ್ವಗಳಲ್ಲಿ ಎಷ್ಟೋ ಕಂದೀಲು ಹಿಡಿದ ಮನುಷ್ಯರೇ ಇದ್ದಿರಬೇಕು ಎಂದು ನನ್ನ ಊಹೆ. 2021ರ ಡಿಸೆಂಬರಿನಲ್ಲಿ ಕರ್ನಾಟಕದ ಹಲವು ಕಡೆ ಜನ ಕಂಡ ರೈಲಿನಂಥ ದೀಪಸಾಲು ಸ್ಟಾರ್‌ಲಿಂಕ್ ಉಪಗ್ರಹಗಳದು. ಒಂದೇ ರಾಕೆಟ್ಟಿನಲ್ಲಿ ಹತ್ತಾರು ಉಪಗ್ರಹ ಹೋಗುವುದರಿಂದ ಮೊದಲ ಕೆಲವು ದಿನ ಅವು ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ.

ಕೆಲವೊಮ್ಮೆ ಆಕಾಶದ ವಸ್ತು ಮನೆಯ ಮೇಲೆಯೇ ಬೀಳುತ್ತದೆ. 2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ಮನೆಯ ಮೇಲೆ ದೊಡ್ಡ ಬಲೂನು, ಯಂತ್ರದ ಸಮೇತ ಬಿತ್ತು. ಜನ ಗಾಬರಿಯಾದರು, ಆಮೇಲೆ ಪೊಲೀಸರನ್ನು ಕರೆದರು. ಯಂತ್ರದ ಜೊತೆ ಒಂದು ಪತ್ರವಿತ್ತು: ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದ್ದು. ಅಲ್ಲಿಂದ ದಶಕಗಳಿಂದ ತೆಳು ಪಾಲಿಥೀನ್ ಬಲೂನುಗಳು 30 ಕಿಲೋಮೀಟರಿಗೂ ಮೇಲೆ ಏರುತ್ತಿವೆ. ಅಷ್ಟು ಎತ್ತರದಲ್ಲಿ, ನೆಲದ ಮೇಲೆ ಕತ್ತಲಾದ ನಂತರವೂ ಬಿಸಿಲಿರುತ್ತದೆ. ಕೆಳಗಿನವರಿಗೆ ಅದು ಹೊಳೆಯುವ ಗುಂಡಾಗಿ ಕಾಣುತ್ತದೆ. ಜಲಸಂಗಿಯವರ ನಡತೆ ನನಗೆ ದೊಡ್ಡದೆನಿಸುವುದಕ್ಕೆ ಕಾರಣವಿದೆ. ಅದೇ ಬೀದರ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈನಲ್ಲಿ, ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಹಬ್ಬಿದ ಗಾಳಿಮಾತನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನನ್ನು ಹೊಡೆದು ಕೊಂದಿತ್ತು. ಕೇಳದೆ ನಂಬುವ ರೂಢಿ ಆಕಾಶದ ದೀಪಕ್ಕಷ್ಟೇ ನಿಲ್ಲುವುದಿಲ್ಲ.

ಆದರೆ ತನಿಖೆ ಎಂದರೆ ಹಳ್ಳಿಯವರ ಮಾತನ್ನು ತಳ್ಳಿಹಾಕುವುದು ಎಂದು ಯಾರೂ ತಿಳಿಯಬಾರದು. 1848ರ ಫೆಬ್ರವರಿ 15ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿಗೆ ಸೇರಿದ ನೆಗಳೂರಿನಲ್ಲಿ ಆಕಾಶದಿಂದ ಕಲ್ಲು ಬಿತ್ತು. ಅದು ನಿಜವಾದ ಉಲ್ಕಾಶಿಲೆ. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇಂದಿಗೂ ಅದರ ಹೆಸರು 'ಧಾರವಾರ'. ಅದು ಇನ್ನೂ ಅರ್ಧ ಶತಮಾನ ಮೊದಲೇ ಬಿದ್ದಿದ್ದರೆ ಯುರೋಪಿನ ಪಂಡಿತರಲ್ಲಿ ಬಹಳ ಮಂದಿ ರೈತರ ಮೂಢನಂಬಿಕೆ ಎಂದು ಬಿಡುತ್ತಿದ್ದರು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಕಲ್ಲು ಸುರಿದಾಗ ಬಿಯೊ ಎಂಬ ವಿಜ್ಞಾನಿ ಹಳ್ಳಿ ಹಳ್ಳಿ ತಿರುಗಿ, ಕಂಡವರನ್ನು ಕೇಳಿ, ಕಲ್ಲು ಎಲ್ಲೆಲ್ಲಿ ಬಿದ್ದವೆಂದು ಗುರುತಿಸಿದ. ರೈತರು ಹೇಳಿದ್ದೇ ಸರಿಯೆಂದು ಅವನ ವರದಿ ತೋರಿಸಿತು. ಕಲಿತವರು ಸೋತು ವಿಜ್ಞಾನ ಗೆದ್ದದ್ದು ಹಾಗೆ.

ನಮ್ಮ ರೈತರಿಗೆ ಮುಗಿಲಿನ ಲೆಕ್ಕ ಹೊಸದಲ್ಲ. ಮಿರಗ, ಆರಿದ್ರಾ, ಮಘಿ, ಹಸ್ತ, ಸ್ವಾತಿ ಎಂದು ಮಳೆಗಳಿಗೆಲ್ಲ ನಕ್ಷತ್ರದ ಹೆಸರಿಟ್ಟವರು ನಾವು. ಆದರೆ ಮಿರಗದ ಮಳೆ ಬರುವಾಗ ಮಿರಗ ಚುಕ್ಕಿ ಕಾಣುವುದಿಲ್ಲ, ಯಾಕೆಂದರೆ ಸೂರ್ಯನೇ ಅಲ್ಲಿರುತ್ತಾನೆ. ಅದನ್ನು ನೋಡಬೇಕಾದರೆ ಜೋಳ ಹಾಲುಗಟ್ಟುವ ಚಳಿಗಾಲದ ರಾತ್ರಿ ತಲೆಯೆತ್ತಬೇಕು. ಹೆಸರು ನಾಲಿಗೆಯ ಮೇಲೆ ಉಳಿಯಿತು, ಚುಕ್ಕಿಯ ಗುರುತು ಹೋಯಿತು. ನನಗೆ ನಿಜವಾಗಿ ನೋವಾಗುವುದು ಇದಕ್ಕೆ. ಮೇಲಿಂದ ಮೇಲೆ ಕಾಣುವ ಶುಕ್ರನ ಗುರುತಿದ್ದವರಿಗೆ ಮಾತ್ರ ಅಪರೂಪದ್ದು ಬಂದಾಗ ಅಪರೂಪವೆಂದು ತಿಳಿದೀತು.

ಎಲ್ಲಕ್ಕೂ ಉತ್ತರ ಸಿಗುತ್ತದೆಯೆಂದು ನಾನು ಹೇಳಲಾರೆ. ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ಸಂಗ್ರಹಿಸಿತು. 701 ಮಾತ್ರ ಬಿಡಿಸಲಾಗದೆ ಉಳಿದವು. ಆ 701ಕ್ಕೆ ಅನ್ಯಲೋಕದವರೆಂದು ಹೆಸರಿಡುವ ಹಕ್ಕು ಯಾರಿಗೂ ಇಲ್ಲ. ಗೊತ್ತಾಗದ್ದನ್ನು ಗೊತ್ತಾಗಿಲ್ಲವೆಂದೇ ಬರೆದಿಡಬೇಕು.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ಹಳ್ಳಿಯ ಶಾಲೆಗಳ ಮಾಸ್ತರು, ಅಕ್ಕೋರಲ್ಲಿ ನನ್ನ ಬೇಡಿಕೆ ಇದು. ಹೊಲದಿಂದ ಬಂದವರು "ಮುಗಿಲಾಗ ಏನೋ ಕಂಡೆ" ಎಂದರೆ ನಗಬೇಡಿ, ಹಂಚಲೂ ಬೇಡಿ. ಕೂಡಿಸಿ, ನೀರು ಕೊಟ್ಟು ಕೇಳಿ: ಎಷ್ಟು ಗಂಟೆಗೆ? ಯಾವ ದಿಕ್ಕಿಗೆ? ನೆಲದಿಂದ ಎಷ್ಟು ಮಾರು ಮೇಲೆ? ಎಷ್ಟು ಹೊತ್ತು ಇತ್ತು? ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳಿ. ಮರುದಿನ ಅದೇ ಹೊತ್ತಿಗೆ, ಅದೇ ಬದುವಿಗೆ ಅವರ ಜೊತೆಯಲ್ಲೇ ಹೋಗಿ ನಿಲ್ಲಿ.